ಬಾಗಿಲ ಬಳಿಯ ಎರಡು ಕುರ್ಚಿಗಳು

ಮಿರೋನ್ ಬಾಗಿಲು ತೆಗೆಯಲಿಲ್ಲ.

ಫೆಹ್ಮಿದಾ ಮತ್ತೆ ಬೆಲ್ ಒತ್ತಿದಳು. ಒಳಗಿಂದ ಸದ್ದಿಲ್ಲ. ಪಕ್ಕದಲ್ಲಿ ನಿಂತಿದ್ದ ಗೆಳತಿ ಶಾಝಿಯಾಳ ಮುಖ ಆಗಲೇ ಬಾಡತೊಡಗಿತ್ತು.

"ಮಲಗಿರ್ಬೋದಾ ಅಕ್ಕಾ?"

"ಇವತ್ತು ಮಲಗ್ತಾನಾ? ಹೊಸ ಟೈ ಬೇರೆ ತಗೊಂಡಿದ್ದ. ರೆಡಿಯಾಗಿ ಕಾಯ್ತಾ ಇರ್ತೀನಿ ಅಂದಿದ್ದ."

ಕಟ್ಟಡದ ಮೇಲ್ವಿಚಾರಕ ಗೊಣಗುತ್ತಲೇ ಬಂದ. ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. ಶಾಝಿಯಾಳ ತಲೆಯ ಸ್ಕಾರ್ಫಿನ ಮೇಲೆ ಅವನ ಕಣ್ಣು ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಕೊನೆಗೆ, ಇಡೀ ವೆಸ್ಟೆರಾಸ್ ಊರನ್ನೇ ಅವರ ಹೆಸರಿಗೆ ಬರೆದುಕೊಡುತ್ತಿರುವವನಂತೆ, ಬೀಗದ ಕೈ ತಿರುಗಿಸಿದ.

ಬಾಗಿಲ ಒಳಗೆ ಕಿರಿದಾದ ಪ್ಯಾಸೇಜು. ಅಲ್ಲೊಂದು ಸಣ್ಣ ಸೂಟ್‌ಕೇಸು. ಅದರ ಎದುರಿಗೆ ಅಡುಗೆಮನೆಯ ಎರಡು ಕುರ್ಚಿಗಳು, ಗೋಡೆಗೆ ಒರಗಿ, ಅಕ್ಕಪಕ್ಕ. ದಾರಿಗಡ್ಡವಾಗಿದ್ದ ಕುರ್ಚಿಗೆ ಫೆಹ್ಮಿದಾ ಮೊಣಕಾಲು ತಗುಲಿಸಿಕೊಂಡು, ಹಾಳಾದ್ದು ಎಂದು ಬೈದುಕೊಂಡಳು. ಒಳಕೋಣೆಯಿಂದ ಕೊರೆಯುವ ಗಾಳಿ ಬಂತು. ಬಾಲ್ಕನಿಯ ಬಾಗಿಲು ಹಾರುಹೊಡೆದಿತ್ತು.

ಅವಳು ಬಗ್ಗಿ ನೋಡಿದಳು. ನಾಲ್ಕು ಮಹಡಿ ಕೆಳಗೆ, ಹಿತ್ತಲ ಹಿಮದ ಮೇಲೆ, ಮಿರೋನ್ ಬಿದ್ದಿದ್ದ. ಮೈಮೇಲೆ ಓವರ್‌ಕೋಟು. ಕಾಲಲ್ಲಿ ಬೂಟು. ಕೊರಳಲ್ಲಿ ಟೈ.

"ಶಾಝಿಯಾ, ನೀನು ಬರಬೇಡ. ಅಲ್ಲೇ ನಿಲ್ಲು."

ಶಾಝಿಯಾ ಬಂದೇ ಬಿಟ್ಟಳು. ನೋಡಿದಳು. ಕೂಗಲಿಲ್ಲ. "ಯಾಸೀನ್" ಎಂದಷ್ಟೇ ಹೇಳಿ ಕುಸಿದು ಕೂತಳು. ಸತ್ತವನು ಮಿರೋನ್, ಅವಳ ಬಾಯಲ್ಲಿ ಬಂದದ್ದು ಗಂಡನ ಹೆಸರು. ಅದಕ್ಕೆ ಕಾರಣವಿತ್ತು.

* * *

ಯಾಸೀನ್ ಮಂಗಳೂರಿನವನು, ಸ್ವೀಡನ್ನಿನ ವೆಸ್ಟೆರಾಸ್‌ನ ಒಂದು ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರ್. ಹಿಂದಿನ ವರ್ಷ, 2006ರಲ್ಲಿ, ಕಂಪನಿ ಅವನನ್ನು ಜರೇಚಿಯಾ ಎಂಬಲ್ಲಿನ ಅಣೆಕಟ್ಟೆಯ ಕೆಲಸಕ್ಕೆ ಕಳಿಸಿತು.

ಜರೇಚಿಯಾ ಯಾವ ಭೂಪಟದಲ್ಲೂ ಇಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಒಂದು ನದಿಯ ಆಚೆ ದಡ ತಾನೇ ಬೇರೆ ದೇಶ ಎಂದು ಸಾರಿಕೊಂಡಿತು. ಬಾವುಟ ಮಾಡಿಕೊಂಡಿತು. ಅಂಚೆಚೀಟಿ ಮಾಡಿಕೊಂಡಿತು. ಒಬ್ಬ ಅಧ್ಯಕ್ಷನನ್ನೂ, ಅವನ ಭಾವಮೈದುನನಿಗೊಂದು ಗುಪ್ತಚರ ಇಲಾಖೆಯನ್ನೂ ಮಾಡಿಕೊಂಡಿತು. ಜಗತ್ತಿನ ಒಂದು ದೇಶವೂ ಅದನ್ನು ದೇಶವೆಂದು ಒಪ್ಪಲಿಲ್ಲ. ಒಪ್ಪದಿದ್ದರೇನಂತೆ? ಜೈಲು ಕಟ್ಟುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲವಲ್ಲ.

ಯಾಸೀನ್ ಕೆಲಸಕ್ಕೆಂದು ವಿದ್ಯುತ್ ಹಂಚುವ ಸ್ವಿಚ್‌ಯಾರ್ಡಿನ ಫೋಟೋ ತೆಗೆದ. ಗೂಢಚಾರ ಎಂದು ಹಿಡಿದರು. ಆಮೇಲೆ, ಅಂಥವನು ನಮ್ಮಲ್ಲಿಲ್ಲ, ಸೇತುವೆ ದಾಟಿ ಹೊರಟುಹೋದ ಎಂದು ಕೈ ತೊಳೆದುಕೊಂಡರು. ಹೋಗಿ ಕೇಳೋಣವೆಂದರೆ ಭಾರತದ ರಾಯಭಾರಿ ಅಲ್ಲಿಲ್ಲ, ಸ್ವೀಡನ್ನಿನವನೂ ಇಲ್ಲ. ಇಲ್ಲದ ದೇಶದಲ್ಲಿ ಕಚೇರಿ ಯಾರು ತೆರೆಯುತ್ತಾರೆ? ಶಾಝಿಯಾ ಹತ್ತದ ಮೆಟ್ಟಿಲಿಲ್ಲ. ಮಗಳು ಅರ್ಷಿಯಾ ಮಾತ್ರ, ಅಪ್ಪ ಎಲ್ಲಿ ಎಂದು ಯಾರು ಕನ್ನಡದಲ್ಲಿ ಕೇಳಿದರೂ, "ಪಪ್ಪಾ ಯೊಬ್ಬರ್" ಎಂದು ಸ್ವೀಡಿಷ್‌ನಲ್ಲಿ ಉತ್ತರಿಸುತ್ತಿದ್ದಳು. ಪಪ್ಪ ಕೆಲಸದಲ್ಲಿದ್ದಾರೆ. ಅವಳಿಗೆ ಹಾಗೆಂದೇ ಹೇಳಿಕೊಟ್ಟಿದ್ದರು.

ಅಂಥ ಹೊತ್ತಿನಲ್ಲಿ ಮಿರೋನ್ ಸಿಕ್ಕಿದ. ಅವನು ಅದೇ ಜೈಲಿನ ವೈದ್ಯ, ಜೀವ ಉಳಿಸಿಕೊಂಡು ಸ್ವೀಡನ್ನಿಗೆ ಓಡಿಬಂದವನು. ಯಾಸೀನನ ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದು ಅವನೇ. ಅದು ತಿಳಿದ ದಿನದಿಂದ ಶಾಝಿಯಾ ಅವನ ಮನೆಗೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಯುರೋಪಿನ ಸಂಸದರ ನಿಯೋಗವೊಂದು ಆ ವಾರ ಸ್ಟಾಕ್‌ಹೋಮಿನಲ್ಲಿ ಕೂತು, ಇಂಥ ಒಪ್ಪಿಗೆಯಿಲ್ಲದ ದೇಶಗಳ ಜೈಲುಗಳ ಬಗ್ಗೆ ಸಾಕ್ಷ್ಯ ಕೇಳುತ್ತಿತ್ತು. ಜರೇಚಿಯಾಕ್ಕೆ ಔಷಧಿಯಿಂದ ಹಿಡಿದು ಹಾಲಿನ ಪುಡಿಯವರೆಗೆ ಎಲ್ಲವೂ ಯುರೋಪಿನ ನೆರವಿನಿಂದಲೇ ಹೋಗಬೇಕು. ಯಾಸೀನ್ ಬದುಕಿದ್ದಾನೆ, ಕಣ್ಣಾರೆ ಕಂಡಿದ್ದೇನೆ ಎಂದು ಒಬ್ಬ ಹೇಳಿದ್ದರೆ ನಿಯೋಗ ಅವರ ಕಿವಿ ಹಿಂಡಬಹುದಿತ್ತು.

ಆ ಸೋಮವಾರ ಅಲ್ಲಿ ಹೋಗಿ ಹೇಳಬೇಕಾದವನು ಈಗ ಹಿಮದ ಮೇಲಿದ್ದ. ಶುಕ್ರವಾರ ನಿಯೋಗದ ಕೊನೆಯ ಕಲಾಪ. ಆಮೇಲೆ ಯಾಸೀನ್ ಎಂಬ ಮನುಷ್ಯ ಶಾಶ್ವತವಾಗಿ ಇಲ್ಲ.

* * *

"ಆತ್ಮಹತ್ಯೆ," ಎಂದಳು ಇನ್ಸ್‌ಪೆಕ್ಟರ್ ಗುನಿಲ್ಲಾ. ಅಷ್ಟು ಹೊತ್ತಿನಲ್ಲಿ ಚಹಾ ಕೂಡ ಕುದಿಯುವುದಿಲ್ಲ.

"ಓವರ್‌ಕೋಟು ಹಾಕಿಕೊಂಡು, ಸೂಟ್‌ಕೇಸು ಕಟ್ಟಿಟ್ಟು ಯಾರಾದರೂ ಸಾಯುತ್ತಾರಾ?" ಫೆಹ್ಮಿದಾ ತನಗೆ ಬಂದಷ್ಟು ಸ್ವೀಡಿಷ್‌ನಲ್ಲಿ ಕೇಳಿದಳು.

"ಬಾಗಿಲಿಗೆ ಬೀಗ ಬಿದ್ದಿತ್ತು."

"ಅದು ಎಳೆದರೆ ತಾನಾಗಿ ಬೀಳುವ ಬೀಗ. ಹೊರಗೆ ಹೋದವರು ಎಳೆದುಕೊಂಡು ಹೋದರೂ ಬೀಳುತ್ತದೆ."

"ಹೊಡೆದಾಟದ ಗುರುತಿಲ್ಲ. ಯಾರೂ ಬಂದು ಹೋದ ಗುರುತೂ ಇಲ್ಲ. ಇಂಥ ಕಡೆಯಿಂದ ಬಂದವರ ತಲೆಯಲ್ಲಿ ಏನೇನಿರುತ್ತದೋ, ನಾನು ಬೇಕಾದಷ್ಟು ನೋಡಿದ್ದೇನೆ. ನೀನು ಏನು ಕೆಲಸ ಮಾಡುತ್ತೀಯ?"

"ದಾಗಿಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ."

"ಹಾಗಾದರೆ ಮಕ್ಕಳನ್ನು ನೋಡಿಕೋ."

ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಅದರಲ್ಲಿ ಅವಮಾನವಿಲ್ಲ. ಆದರೆ ಈ 'ನೀನು' ಬೇರೆ ಇತ್ತು. ಫೆಹ್ಮಿದಾಗೆ ಮೈ ಉರಿಯಿತು. ಮದುವೆಯಾಗಿ ಇಲ್ಲಿಗೆ ಬರುವ ಮೊದಲು ಅವಳು ಹುಬ್ಬಳ್ಳಿಯ ಪತ್ರಿಕೆಯೊಂದರ ಕ್ರೈಂ ವರದಿಗಾರ್ತಿ. ಕೊಲೆಯನ್ನು ಆತ್ಮಹತ್ಯೆ ಮಾಡಿ ಮುಗಿಸಿದ ಪೊಲೀಸರನ್ನು ಅವಳೂ ಬೇಕಾದಷ್ಟು ನೋಡಿದ್ದಳು.

ಗುನಿಲ್ಲಾ ಹೋದ ಮೇಲೆ ಎದುರು ಮನೆಯ ಬೆಲ್ ಒತ್ತಿದಳು. ಮುದುಕಿಯೊಬ್ಬಳು ಸರಪಳಿ ತೆಗೆಯದೆಯೇ ಬಾಗಿಲ ಸಂದಿಯಲ್ಲಿ ಇಣುಕಿದಳು.

"ನಿನ್ನೆ ಜಗಳವಾಗಿತ್ತು. ಇಂಗ್ಲಿಷಿನಲ್ಲಿ. ಬಂದವನಿಗೆ ಮೀಸೆ ಇತ್ತು. ನಿನ್ನ ಬಣ್ಣದವನೇ."

ಬಾಗಿಲು ಮುಚ್ಚಿಕೊಂಡಿತು. ಕೊನೆಯ ಮಾತನ್ನು ನುಂಗಿಕೊಂಡು ಫೆಹ್ಮಿದಾ ಮೀಸೆಯನ್ನು ಮಾತ್ರ ಇಟ್ಟುಕೊಂಡಳು. ಪರಿಚಯವಿಲ್ಲದ ಯಾರಿಗೂ ಮಿರೋನ್ ಬಾಗಿಲು ತೆಗೆಯುತ್ತಿರಲಿಲ್ಲ. ತನ್ನ ದೇಶದವರೆಂದರೆ ಸಾಕು, ಬೀದಿ ದಾಟಿಬಿಡುತ್ತಿದ್ದ. ಅವನ ವಿಳಾಸ ಗೊತ್ತಿದ್ದದ್ದು ಶಾಝಿಯಾಗೆ, ತನಗೆ, ಮತ್ತೊಬ್ಬನಿಗೆ. ಆ ಮತ್ತೊಬ್ಬನಿಗೆ ಮೀಸೆ ಇತ್ತು.

* * *

ಸುದರ್ಶನ್ ಬೆಂಗಳೂರಿನವನು, ಯಾಸೀನನ ಮ್ಯಾನೇಜರ್. ಮಿರೋನ್‌ನ ಮನೆಗೆ ಶಾಝಿಯಾಳೇ ಒಮ್ಮೆ ಅವನನ್ನು ಕರೆದೊಯ್ದಿದ್ದಳು. ಕಂಪನಿಯ ಕಾಫಿ ಮೆಷಿನ್ ಹತ್ತಿರ ಫೆಹ್ಮಿದಾಳನ್ನು ಕಂಡದ್ದೇ ಅವನ ಮುಖ ಹುಳ್ಳಗಾಯಿತು.

"ಮೇಡಂ, ಇಲ್ಲಿ ಬೇಡ. ಎಲ್ಲಾ ಫಿಕಾಗೆ ಬರೋ ಟೈಮು."

"ಬರ್ಲಿ ಬಿಡಿ. ನಾನೂ ಕಾಫಿ ಕುಡೀತೀನಿ. ನಿನ್ನೆ ಮಿರೋನ್ ಮನೇಲಿ ಏನು ಜಗಳ?"

"ಯಾರ್ ಹೇಳಿದ್ದು?"

"ನಿಮ್ಮ ಮೀಸೆ."

ಅವನು ಅವಳನ್ನು ಮೂಲೆಗೆ ಕರೆದುಕೊಂಡು ಹೋದ. "ನೋಡಿ, ಹುಬ್ಬಳ್ಳಿ ಪೇಪರ್ ಬುದ್ಧಿ ಇಲ್ಲಿ ತೋರಿಸ್ಬೇಡಿ. ಹೋಗಿದ್ದೆ, ನಿಜ. ನನ್ನ ಹೆಸ್ರು ಹೇಳ್ಬೇಡ ಅಂತ ಕೇಳ್ಕೊಳ್ಳೋಕೆ ಹೋಗಿದ್ದೆ. ಅಲ್ಲಿ ಎಂಬೆಸಿ ಇಲ್ಲ, ಯಾರ್ನೂ ಕಳಿಸ್ಬೇಡಿ ಅಂತ ಲೀಗಲ್‌ನೋರು ಹೇಳಿದ್ರು. ನಾನೇ ಸ್ವಲ್ಪ ದಿನದ್ದಲ್ವಾ ಅಂತ ಯಾಸೀನ್‌ನ ಒಪ್ಪಿಸಿ ಕಳಿಸ್ದೆ. ಇದು ಆಚೆ ಬಂದ್ರೆ ನನ್ನ ವರ್ಕ್ ಪರ್ಮಿಟ್ ಕತೆ ಮುಗೀತು. ನನಗೂ ಹೆಂಡ್ತಿ ಮಗಳು ಇದಾರೆ ಮೇಡಂ."

"ಯಾಸೀನ್‌ಗೂ ಹೆಂಡ್ತಿ ಮಗಳು ಅದಾರ್ರೀ!" ಸಿಟ್ಟು ಬಂದರೆ ಫೆಹ್ಮಿದಾಳ ಬಾಯಲ್ಲಿ ಹುಬ್ಬಳ್ಳಿ ತಾನಾಗಿ ಬರುತ್ತಿತ್ತು. "ಇವತ್ತು ಮುಂಜಾನಿ ಎಲ್ಲಿದ್ರಿ?"

"ನಿಮ್ಮ ದಾಗಿಸ್‌ನಲ್ಲೇ! ಮಗಳು ನನ್ನ ಕಾಲು ಬಿಡ್ಲಿಲ್ಲ. ನಿಮ್ ಟೀಚರ್‌ನೇ ಕೇಳಿ."

ಫೆಹ್ಮಿದಾ ಅಲ್ಲೇ ನಿಂತು ಫೋನ್ ಮಾಡಿದಳು. ನಿಜ. ಮಗು ರಂಪ ಮಾಡಿ, ಅಪ್ಪನನ್ನು ಬಹಳ ಹೊತ್ತು ಕೂರಿಸಿಕೊಂಡಿತ್ತು. ಸಿಕ್ಕಿದ ಮೀಸೆಯೂ ಕೈಬಿಟ್ಟು ಹೋಯಿತು.

"ಒಂದ್ ಮಾತು," ಎಂದ ಸುದರ್ಶನ್, ಈಗ ದನಿ ಇಳಿಸಿ. "ಜಗಳ ಆಡಿದ್ಮೇಲೆ ಅವನು ನಕ್ಕ. ಟೈ ಗಂಟು ಹಾಕೋದು ನನ್ನ ಹತ್ರಾನೇ ಕಲ್ತ. ಕನ್ನಡಿ ಮುಂದೆ ನಿಂತು ಬಿಚ್ಚಿ ಬಿಚ್ಚಿ ಹಾಕ್ತಿದ್ದ. ಸಾಯೋನ ಥರ ಇರ್ಲಿಲ್ಲ ಮೇಡಂ."

ಅವನ ಕಣ್ಣು ಒದ್ದೆಯಾಗಿತ್ತು. ಫೆಹ್ಮಿದಾಗೆ ಮರುಕ ಬರಲಿಲ್ಲ. ಆದರೆ ಮಾತು ನೆನಪಿಟ್ಟುಕೊಂಡಳು.

* * *

ಹೆನ್ರಿಕ್‌ನ ಮನೆ ಸರೋವರದ ದಂಡೆಯಲ್ಲಿತ್ತು. ಓಡಿಬಂದವರ ಪರವಾಗಿ ದುಡಿಯುವ ಸಣ್ಣದೊಂದು ಮಾನವ ಹಕ್ಕುಗಳ ಸಂಘ ಅವನದು. ಮಿರೋನ್‌ನ ಹೆಸರನ್ನು ನಿಯೋಗದ ಮುಂದೆ ಇಟ್ಟವನೂ, ಅವನ ರಷ್ಯನ್ ಮಾತನ್ನು ಸ್ವೀಡಿಷ್‌ಗೆ ಮಾಡಿ ಹೇಳುತ್ತಿದ್ದವನೂ ಅವನೇ. ಅವನ ಸ್ವೀಡಿಷ್ ಕೊಂಚ ಬೇರೆ ಥರ ಇತ್ತು. ತಾನು ಫಿನ್‌ಲ್ಯಾಂಡಿನ ಸ್ವೀಡಿಷ್ ಮನೆತನದವನು, ರಷ್ಯನ್ ಕಲಿತದ್ದು ಯೂನಿವರ್ಸಿಟಿಯಲ್ಲಿ ಎನ್ನುತ್ತಿದ್ದ. ಜರೇಚಿಯಾವನ್ನು ಕಂಡವನೇ ಅಲ್ಲವಂತೆ.

ಮಿರೋನ್‌ಗೆ ಅವನು ಕೊಟ್ಟಿದ್ದ ಉಣ್ಣೆಯ ಮಫ್ಲರು ಶಾಝಿಯಾಳ ಮನೆಯಲ್ಲಿ ಉಳಿದಿತ್ತು. ಅದನ್ನು ವಾಪಸು ಕೊಡುವ ನೆಪದಲ್ಲಿ ಫೆಹ್ಮಿದಾ ಹೋದಳು. ಬಾಗಿಲು ತೆರೆಯಿತು. ಒಳಗೆ ಹಾಲಿನಂಥ ಬಿಳಿ ಮರದ ನೆಲ. ಅವಳ ಬೂಟಿನ ತುಂಬ ಕೆಸರು ಹಿಮ. ಈ ದೇಶದಲ್ಲಿ ಬೂಟು ಹಾಕಿಕೊಂಡು ಯಾರ ಮನೆಯೊಳಗೂ ಕಾಲಿಡುವಂತಿಲ್ಲ. ಅವಳು ಹೊರಗೇ ನಿಂತು ಮಫ್ಲರನ್ನು ಚಾಚಿದಳು.

"ಬೂಟು ಬಿಚ್ಚೋದಿಲ್ಲ, ಹೋಗಬೇಕು. ಇದು ನಿನ್ನದು."

ಹೆನ್ರಿಕ್ ತೆಗೆದುಕೊಳ್ಳಲು ಚಾಚಿದ್ದ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡ. "ಒಳಗೆ ಬಾ, ಒಳಗೆ ಬಾ." ಅವಳ ತೋಳು ಹಿಡಿದು, ಬೂಟಿನ ಸಮೇತ ಒಳಗೆ ಎಳೆದುಕೊಂಡ. ಆಮೇಲೆ ಮಫ್ಲರು ತೆಗೆದುಕೊಂಡ. ಬಿಳಿ ನೆಲದ ಮೇಲೆ ಕೆಸರು ಇಳಿಯಿತು.

ಫೆಹ್ಮಿದಾಗೆ ಒಂದು ಕ್ಷಣ ಹುಬ್ಬಳ್ಳಿಯ ಪಕ್ಕದ ಮನೆಯ ಕಮಲಾಬಾಯಿ ನೆನಪಾದರು. ಸಕ್ಕರೆ ಬಟ್ಟಲು ಕೊಡುವುದಿದ್ದರೂ ಅವರು ಹೊಸ್ತಿಲ ಮೇಲಿಂದ ಕೊಡುತ್ತಿರಲಿಲ್ಲ. ಒಳಗೆ ಬಾ, ಇಲ್ಲಾ ನಾನೇ ಹೊರಗೆ ಬರ್ತೀನಿ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ ಎಂದುಕೊಂಡಳು ಫೆಹ್ಮಿದಾ.

"ನಾನು ಸೋಮವಾರ ಸ್ಟಾಕ್‌ಹೋಮಿನಲ್ಲಿ ಅವನಿಗಾಗಿ ಕಾಯುತ್ತಿದ್ದೆ," ಎಂದ ಹೆನ್ರಿಕ್. "ಅವನ ಮನೆ ಎಲ್ಲಿದೆ ಎಂದೂ ನನಗೆ ಗೊತ್ತಿಲ್ಲ. ವಿಳಾಸ ನನಗೂ ಹೇಳಬೇಡ ಎಂದಿದ್ದೆ, ಅವನ ಒಳ್ಳೆಯದಕ್ಕೇ. ಮನಸ್ಸು ಮುರಿದಿತ್ತು ಪಾಪ."

"ಶಾಝಿಯಾ ಶುಕ್ರವಾರ ತಾನೇ ಹೋಗುತ್ತಾಳೆ."

"ಬೇಡ ಎನ್ನು. ಸಾಕ್ಷಿಯಿಲ್ಲದೆ ಹೋದರೆ ನಗುತ್ತಾರೆ. ಹೋಗಲೇಬೇಕೆಂದರೆ ನಾನು ಜೊತೆಗಿರುತ್ತೇನೆ."

* * *

ಗುರುವಾರ ಶಾಝಿಯಾ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಬ್ಯಾರಿ ಮನೆಮಾತಿನ ಮಂಗಳೂರು ಹುಡುಗಿ, ಉರ್ದು ಮನೆಮಾತಿನ ಹುಬ್ಬಳ್ಳಿ ಹೆಂಗಸು. ಇಬ್ಬರ ನಡುವೆ ಕನ್ನಡವೇ ನಡೆಯುತ್ತಿತ್ತು.

"ನಗ್ಲಿ ಅಕ್ಕಾ. ನಾನು ಹೋಗಿ ಅವರ ಮುಂದೆ ನಿಲ್ತೇನೆ. ಅಷ್ಟಾದ್ರೂ ಮಾಡ್ಬೇಕಲ್ಲ." ಸೂಟ್‌ಕೇಸು ಮುಚ್ಚಿ ಬಾಗಿಲ ಬಳಿ ಇ‌ಟ್ಟಳು. "ನಾಳೆ ಹೊರಡುವ ಮುಂಚೆ ಕೂತ್ಕೊಳ್ಳೋದು ನೆನಪು ಮಾಡಿ ಆಯ್ತಾ. ಮಿರೋನ್ ಇದ್ದಿದ್ರೆ ಬಿಡ್ತಿರ್ಲಿಲ್ಲ."

"ಏನು ಕೂತ್ಕೊಳ್ಳೋದು?"

"ನಿಮಗೆ ಹೇಳ್ಲಿಲ್ವಾ? ನಾನು ಸ್ಟಾಕ್‌ಹೋಮ್‌ಗೆ ಎಂಬೆಸಿಗೆ ಹೊರಟಾಗ ಬಂದಿದ್ದ ಮಾರಾಯ್ರೆ. ಬಾಗಿಲ ಹತ್ರ ಕುರ್ಚಿ ತಂದು ಹಾಕಿ, ನನ್ನನ್ನೂ ಅರ್ಷಿಯಾನ್ನೂ ಕೂರಿಸಿ, ತಾನೂ ಕೂತ. ಮಾತಿಲ್ಲ. ಒಂದು ಗಳಿಗೆ. ಆಮೇಲೆ ಎದ್ದು ಹೊರಡೋದು. ದೂರ ಹೋಗುವಾಗ ಹಾಗೆ ಕೂರದಿದ್ರೆ ದಾರಿ ಒಳ್ಳೇದಾಗೋದಿಲ್ಲಂತೆ. ಹೊರಡುವವರು ಮಾತ್ರ ಅಲ್ಲ, ಬಾಗಿಲ ಒಳಗಿದ್ದವರೆಲ್ಲ ಕೂರಬೇಕು. ಅವರ ಕಡೆ ಎಲ್ಲ ಮನೇಲೂ ಹಾಗೇ ಅಂತೆ."

ಫೆಹ್ಮಿದಾ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡಳು. ಕುರ್ಚಿ ತಗುಲಿದ ಜಾಗ ಇನ್ನೂ ನೀಲಿಗಟ್ಟಿತ್ತು.

"ಎರಡು ಕುರ್ಚಿ," ಎಂದಳು.

"ಏನಕ್ಕಾ?"

"ಮಿರೋನ್ ಮನೇಲಿ ಬಾಗಿಲ ಹತ್ರ ಎರಡು ಕುರ್ಚಿ ಇತ್ತು ಶಾಝಿಯಾ. ಹೊರಟಿದ್ದವನು ಒಬ್ಬನೇ."

ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದಳು. ಪೊಲೀಸ್ ಠಾಣೆಯಲ್ಲಿ ಗುನಿಲ್ಲಾ ಪೂರಾ ಮಾತು ಕೇಳಿದಳು. ಕೇಳುವಾಗ ಅವಳ ಮುಖದಲ್ಲಿ ಒಂದು ನಗುವೂ ಇರಲಿಲ್ಲ, ಒಂದು ಮೆಚ್ಚುಗೆಯೂ ಇರಲಿಲ್ಲ. ಆದರೆ ಹೆಂಗಸು ದಡ್ಡಿಯಲ್ಲ. ಬೀಗ ಹಾಕಿಟ್ಟಿದ್ದ ಮನೆಗೆ ತಜ್ಞರನ್ನು ಕಳಿಸಿದಳು. ಸಂಜೆಯೊಳಗೆ ಉತ್ತರ ಬಂತು. ಬಾಲ್ಕನಿಯ ಹಿಡಿಕೆಯನ್ನು ಯಾರೋ ಒರೆಸಿದ್ದಾರೆ, ಮಿರೋನ್‌ನ ಬೆರಳಿನ ಗುರುತೂ ಅಲ್ಲಿಲ್ಲ. ಒಂದು ಕುರ್ಚಿಯ ಮೇಲೆ ಅವನ ಗುರುತು. ಇನ್ನೊಂದರ ಬೆನ್ನಿನ ಎರಡೂ ಬದಿಯಲ್ಲಿ ಬೇರೊಬ್ಬನದು, ದಾಖಲೆಯಲ್ಲಿ ಎಲ್ಲೂ ಇಲ್ಲದ್ದು.

"ಯಾರ ಮೇಲೆ ಅನುಮಾನ?" ಎಂದಳು ಗುನಿಲ್ಲಾ.

ಫೆಹ್ಮಿದಾ ಹೆಸರು ಹೇಳಿದಳು. ಕಾರಣವನ್ನೂ ಹೇಳಿದಳು.

"ಇಷ್ಟಕ್ಕೆ ಒಬ್ಬ ಮರ್ಯಾದಸ್ಥನ ಬೆರಳಚ್ಚು ಕೇಳೋಕೆ ನನ್ನಿಂದ ಆಗದು. ನಗೆಪಾಟಲಾಗುತ್ತೇನೆ."

"ಹಾಗಾದರೆ ನಾಳೆ ಬೆಳಿಗ್ಗೆ ಶಾಝಿಯಾಳ ಮನೆಗೆ ಬಾ. ಯೂನಿಫಾರ್ಮ್ ಬೇಡ."

* * *

ಶುಕ್ರವಾರ ಬೆಳಿಗ್ಗೆ ಶಾಝಿಯಾಳ ಮನೆಯ ಪ್ಯಾಸೇಜಿನಲ್ಲಿ ಐದು ಜನ. ಶಾಝಿಯಾ. ಫೆಹ್ಮಿದಾ. ಸ್ಟೇಷನ್ನಿಗೆ ಬಿಡಲು ಕಾರು ತಂದ ಸುದರ್ಶನ್. ದಾಗಿಸ್‌ನ ಗೆಳತಿ ಎಂದು ಪರಿಚಯ ಮಾಡಿಸಿದ ಗುನಿಲ್ಲಾ. ಕೊನೆಗೆ ಬಂದವನು ಹೆನ್ರಿಕ್, ಕೈಯಲ್ಲಿ ಚರ್ಮದ ಬ್ಯಾಗು. ಅರ್ಷಿಯಾಳನ್ನು ಬೇಗನೇ ದಾಗಿಸ್‌ಗೆ ಬಿಟ್ಟಿದ್ದರು.

ಸೂಟ್‌ಕೇಸು ಬಾಗಿಲ ಬಳಿ ಇತ್ತು. ಗೋಡೆಗುಂಟ ಕುರ್ಚಿಗಳಿದ್ದವು. ಎಲ್ಲರೂ ಕೋಟು ಹಾಕಿ, ಬೂಟು ಕಟ್ಟಿ ನಿಂತರು.

"ಸರಿ," ಎಂದಳು ಫೆಹ್ಮಿದಾ ಸ್ವೀಡಿಷ್‌ನಲ್ಲಿ. "ಎಲ್ಲ ಆಯಿತು. ಹೊರಡುವ ಹೊತ್ತು."

ಆಮೇಲೆ ಬಾಯಿ ಮುಚ್ಚಿ ನಿಂತಳು. ಯಾರೂ ಅಲುಗಲಿಲ್ಲ. ಸುದರ್ಶನ್ ಕಾರಿನ ಕೀ ಆಡಿಸುತ್ತಿದ್ದ. ಗುನಿಲ್ಲಾ ಕೈಗವಸು ಎಳೆದುಕೊಳ್ಳುತ್ತಿದ್ದಳು. ಕುರ್ಚಿಯ ಕಡೆ ಯಾರೂ ನೋಡಲಿಲ್ಲ.

ಹೆನ್ರಿಕ್ ಕುರ್ಚಿಯ ಬೆನ್ನು ಹಿಡಿದು ಎಳೆದುಕೊಂಡು ಕೂತ.

ಕೈ ಮೊಣಕಾಲ ಮೇಲೆ, ಕಣ್ಣು ನೆಲದ ಮೇಲೆ. ಒಂದು ಗಳಿಗೆ. ಆಮೇಲೆ ಎದ್ದು, ಬ್ಯಾಗು ಎತ್ತಿಕೊಂಡು, ಬಾಗಿಲ ಕಡೆ ತಿರುಗಿದ. ಉಳಿದವರೆಲ್ಲ ತನ್ನನ್ನೇ ನೋಡುತ್ತಿರುವುದು ಆಗ ಕಂಡಿತು.

"ಯಾಕೆ ಕೂತೆ?" ಎಂದಳು ಫೆಹ್ಮಿದಾ.

"ಏನು? ಕಾಲು ನೋವು."

"ಕಾಲು ನೋವಿನವನು ಬಂದ ಕೂಡಲೇ ಕೂರುತ್ತಾನೆ. ನೀನು ಇಷ್ಟು ಹೊತ್ತು ನಿಂತೇ ಇದ್ದೆ. ಹೊರಡುವ ಹೊತ್ತು ಎಂದಾಗ ಕೂತೆ."

ಹೆನ್ರಿಕ್ ನಕ್ಕ. ನಗು ತುಟಿಯಿಂದ ಮೇಲೆ ಏರಲಿಲ್ಲ.

"ಸೋಮವಾರವೂ ಹೀಗೇ ಕೂತೆ," ಎಂದಳು ಫೆಹ್ಮಿದಾ. "ನಾನೇ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನಮಗಿಂತ ಮುಂಚೆ ಬಂದೆ. ಈ ಊರಲ್ಲಿ ತನ್ನ ಪರ ನಿಂತವನು ನೀನೊಬ್ಬನೇ ಎಂದು ಮಿರೋನ್ ಬಾಗಿಲು ತೆಗೆದ. ಚಹಾ ಕೊಟ್ಟ. ಕೋಟು ಹಾಕಿಕೊಂಡ, ಬೂಟು ಕಟ್ಟಿಕೊಂಡ, ಕೂರೋಣ ಎಂದ. ನೀನು ಕುರ್ಚಿ ತಂದು ಕೂತೆ. ಕೊಲ್ಲಲು ಬಂದವನು ಅವನ ದಾರಿ ಒಳ್ಳೆಯದಾಗಲಿ ಎಂದು ಕೂತೆ! ಎದ್ದ ಮೇಲೆ, ಕೆಳಗೆ ಯಾರೋ ನಿಂತಂತಿದೆ ನೋಡು ಎಂದು ಅವನನ್ನು ಬಾಲ್ಕನಿಗೆ ಕರೆದೆ. ಬೂಟುಗಾಲಲ್ಲೇ ಬಂದ. ದೂಡಿದೆ. ಲೋಟ ತೊಳೆದೆ, ಹಿಡಿಕೆ ಒರೆಸಿದೆ. ಯಾರೂ ಬಂದೇ ಇಲ್ಲ ಎಂಬಂತೆ ಎಲ್ಲ ಮಾಡಿದೆ."

"ಕತೆ ಚೆನ್ನಾಗಿದೆ."

"ಕುರ್ಚಿ ಬಿಟ್ಟೆ. ಯಾಕೆ ಗೊತ್ತಾ? ಈ ದೇಶದವನೊಬ್ಬ ಕೊಂದಿದ್ದರೆ ಮೊದಲು ಆ ಕುರ್ಚಿಗಳನ್ನೇ ಎತ್ತಿಡುತ್ತಿದ್ದ. ದಾರಿಗಡ್ಡ ತನ್ನನ್ನು ಕೂರಿಸಿದ್ದು ಅವನಿಗೆ ವಿಚಿತ್ರವಾಗಿ ಕಂಡಿರುತ್ತಿತ್ತು, ಮರೆಯುತ್ತಿರಲಿಲ್ಲ. ನಿನ್ನ ಕಣ್ಣಿಗೆ ಅದು ಕಾಣಲೇ ಇಲ್ಲ. ಹೊರಡುವ ಮನೆಯಲ್ಲಿ ಬಾಗಿಲ ಬಳಿ ಕುರ್ಚಿ ಇರುವುದು ಹುಟ್ಟಿದಾಗಿಂದ ನೋಡಿದ್ದು. ಅಂದರೆ ಕೊಂದವನು ಮಿರೋನ್‌ನ ದೇಶದವನು. ಆದರೆ ತನ್ನ ದೇಶದವರಿಗೆ ಮಿರೋನ್ ಬಾಗಿಲೇ ತೆಗೆಯುತ್ತಿರಲಿಲ್ಲ. ಹಾಗಾದರೆ ದೇಶ ಮುಚ್ಚಿಟ್ಟವನು ಯಾರು? ಆಗ ನನ್ನ ಬೂಟಿನ ಕೆಸರು ನೆನಪಾಯಿತು. ನೆಲ ಹಾಳಾದರೂ ಸರಿ, ಹೊಸ್ತಿಲ ಮೇಲಿಂದ ಮಫ್ಲರು ತೆಗೆದುಕೊಳ್ಳಲಿಲ್ಲ ನೀನು. ಫಿನ್‌ಲ್ಯಾಂಡಿನ ಮನುಷ್ಯ ನನ್ನನ್ನು ಬೂಟಿನ ಸಮೇತ ಹೊರಗೇ ನಿಲ್ಲಿಸಿ ಮಫ್ಲರು ತೆಗೆದುಕೊಳ್ಳುತ್ತಿದ್ದ. ಮಿರೋನ್ ಕೂಡ ಊಟದ ಡಬ್ಬಿಯನ್ನು ಹೊಸ್ತಿಲ ಮೇಲೆ ಯಾವತ್ತೂ ಮುಟ್ಟಲಿಲ್ಲ, ಶಾಝಿಯಾಳನ್ನು ಕೇಳಿದೆ. ಹೊಸ್ತಿಲ ಮೇಲೆ ಕೊಟ್ಟು ತೆಗೆದುಕೊಳ್ಳುವುದು ನಿಮ್ಮ ಕಡೆ ಅಪಶಕುನ."

"ಇದೆಲ್ಲ ಅಜ್ಜಿಯರ ಶಾಸ್ತ್ರ," ಎಂದ ಹೆನ್ರಿಕ್. "ಕೋರ್ಟಿನಲ್ಲಿ ಇದನ್ನು ಹೇಳುತ್ತೀಯಾ?"

"ಕೋರ್ಟಿಗೆ ಬೇರೆ ಇದೆ," ಎಂದು ಗುನಿಲ್ಲಾ ಪೊಲೀಸ್ ಗುರುತಿನ ಚೀಟಿ ತೆಗೆದಳು. "ಮಿರೋನ್‌ನ ಮನೆ ಎಲ್ಲಿದೆ ಎಂದೂ ಗೊತ್ತಿಲ್ಲ ಎಂದಿದ್ದೆ. ಅಲ್ಲಿಯ ಕುರ್ಚಿಯ ಮೇಲೆ ಬೆರಳಚ್ಚು ಸಿಕ್ಕಿದೆ. ನೀನು ಈಗ ಹಿಡಿದೆಯಲ್ಲ, ಈ ಕುರ್ಚಿಯನ್ನೂ ನಾನು ತೆಗೆದುಕೊಂಡು ಹೋಗುತ್ತೇನೆ. ನಿನ್ನನ್ನೂ."

ಹೆನ್ರಿಕ್ ಕುರ್ಚಿಯ ಕಡೆ ನೋಡಿದ. ಬಾಗಿಲ ಕಡೆ ನೋಡಿದ. ಸುದರ್ಶನ್ ಅಡ್ಡ ನಿಂತಿದ್ದ. ಮೀಸೆ ನಡುಗುತ್ತಿತ್ತು, ಆದರೆ ಜಾಗ ಬಿಡಲಿಲ್ಲ. ಆಗ ಹೆನ್ರಿಕ್‌ನ ಮುಖದಿಂದ ಒಳ್ಳೆಯತನವೆಲ್ಲ ಜಾರಿ ಬಿತ್ತು. ಅವನು ಶಾಝಿಯಾಳ ಕಡೆ ತಿರುಗಿದ.

"ಓಡಿಬಂದವರು ತಾವಾಗಿ ನನ್ನ ಬಳಿ ಬರಲೆಂದೇ ಆ ಸಂಘ ಕಟ್ಟಿದ್ದು. ನಿನ್ನ ಊಟದ ಡಬ್ಬಿಯ ಹಿಂದೆಯೇ ಹೋಗಿ ಅವನ ಮನೆ ಕಂಡುಕೊಂಡೆ. ಗೊತ್ತಿರಲಿ ನಿನಗೆ."

ಶಾಝಿಯಾ ಗೋಡೆ ಹಿಡಿದುಕೊಂಡಳು.

"ನಮ್ಮನ್ನು ದೇಶವೇ ಅಲ್ಲ ಎನ್ನುತ್ತೀರಿ. ದೇಶವೇ ಅಲ್ಲದಿದ್ದರೆ ನಮ್ಮ ಜೈಲಿನ ಲೆಕ್ಕ ಯಾಕೆ ಕೇಳುತ್ತೀರಿ? ಮೊದಲು ನಮ್ಮನ್ನು ಒಪ್ಪಿ, ಆಮೇಲೆ ಹಕ್ಕಿನ ಮಾತಾಡಿ." ಹೆನ್ರಿಕ್‌ನ ದನಿ ಏರಿತು. ಗೆದ್ದವಳಿಗೆ ನೋವು ಮಾಡಲೇಬೇಕೆಂಬ ಹಟ ಅದರಲ್ಲಿತ್ತು. "ನಿನ್ನ ಗಂಡ ಕಿಟಕಿಯಿಲ್ಲದ ಕೋಣೆಯಲ್ಲಿದ್ದಾನೆ. ದಿನಾ ನಮಾಜಿಗೆ ನಿಲ್ಲುತ್ತಾನೆ. ಯಾವ ದಿಕ್ಕೆಂದು ಗೊತ್ತಾಗದೆ ದಿನಕ್ಕೊಂದು ಗೋಡೆಯ ಕಡೆ ತಿರುಗುತ್ತಾನೆ. ಹೋದ ತಿಂಗಳು ನಾನೇ ನೋಡಿ ನಕ್ಕೆ. ಹೋಗು, ಅದನ್ನು ಹೇಳಿಕೊಂಡು ಅಳು."

ಶಾಝಿಯಾ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಬಿಕ್ಕು ಬಂತು. ನೋವಿನದೇ ಬಿಕ್ಕು. ಆದರೆ ಕಣ್ಣು ಬೇರೇನನ್ನೋ ಹೇಳುತ್ತಿತ್ತು. ಅವಳು ಫೆಹ್ಮಿದಾಳ ಕೈ ಹಿಡಿದಳು.

"ಅಕ್ಕಾ. ಹೋದ ತಿಂಗಳು ಅಂದ."

ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಹೆನ್ರಿಕ್‌ಗೂ ಅರ್ಥವಾಯಿತು. ಯಾವ ಒಂದು ಮಾತು ಸ್ಟಾಕ್‌ಹೋಮ್ ಮುಟ್ಟಬಾರದೆಂದು ಒಬ್ಬ ವೈದ್ಯನನ್ನು ಕೊಂದಿದ್ದನೋ, ಆ ಮಾತನ್ನು ತಾನೇ ಆಡಿದ್ದ. ಅದೂ ಜರೇಚಿಯಾದ ಗುಪ್ತಚರ ಅಧಿಕಾರಿಯ ಬಾಯಿಂದ. ಅದೂ ಪೊಲೀಸರ ಎದುರಿಗೆ.

ಗುನಿಲ್ಲಾ ಕಿಟಕಿಯಿಂದ ಕೈಯಾಡಿಸಿದಳು. ಕೆಳಗೆ ಕಾದಿದ್ದ ಇಬ್ಬರು ಪೊಲೀಸರು ಬಂದರು. ಕುರ್ಚಿಯನ್ನು ದೊಡ್ಡ ಚೀಲಕ್ಕೆ ಹಾಕಿ, ಹೆನ್ರಿಕ್‌ನನ್ನು ನಡುವೆ ನಿಲ್ಲಿಸಿಕೊಂಡು ಇಳಿದರು.

"ಟ್ರೈನ್ ತಪ್ಪುತ್ತೆ," ಎಂದ ಸುದರ್ಶನ್. "ಮೇಡಂ, ನಾನೂ ಬರ್ತೀನಿ. ಯಾಸೀನ್‌ನ ಕಳಿಸಿದ್ದು ನಾನೇ ಅಂತ ಅಲ್ಲಿ ಹೇಳ್ತೀನಿ. ಪರ್ಮಿಟ್ ಏನಾದ್ರೂ ಆಗ್ಲಿ."

ಫೆಹ್ಮಿದಾ ಅವನನ್ನು ಹೊಗಳಲಿಲ್ಲ. ಬೈಯಲೂ ಇಲ್ಲ. ಗುನಿಲ್ಲಾಳ ಕಡೆ ತಿರುಗಿ, "ನಮ್ಮ ಸಾಕ್ಷಿ ಸತ್ತಿದ್ದಾನೆ ಎಂದು ನಿಯೋಗದವರು ಹೇಳುತ್ತಾರೆ," ಎಂದಳು.

"ನಾನು ಸತ್ತಿಲ್ಲವಲ್ಲ," ಎಂದಳು ಗುನಿಲ್ಲಾ. "ಅವನು ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ನಡೆಯಿರಿ. ಕುರ್ಚಿಯ ವಿಷಯದಲ್ಲಿ ನಾನು ನಿನಗೆ ಹೇಳಬೇಕಾದ ಒಂದು ಮಾತು ಬಾಕಿ ಇದೆ. ಅದನ್ನು ಟ್ರೈನಿನಲ್ಲಿ ಹೇಳುತ್ತೇನೆ."

ಸುದರ್ಶನ್ ಸೂಟ್‌ಕೇಸು ಎತ್ತಿದ. ಫೆಹ್ಮಿದಾ ಚಿಲಕಕ್ಕೆ ಕೈ ಹಾಕಿದಳು.

"ನಿಲ್ಲಿ," ಎಂದಳು ಶಾಝಿಯಾ. ಕಣ್ಣು ಒರೆಸಿಕೊಂಡು ಕುರ್ಚಿಯೊಂದನ್ನು ತನ್ನ ಕಡೆ ಎಳೆದುಕೊಂಡಳು. "ಟ್ರೈನ್ ಹೋದ್ರೆ ಇನ್ನೊಂದು ಬರ್ತದೆ. ಮೊದ್ಲು ಎಲ್ರೂ ಕೂತ್ಕೊಳ್ಳಿ."

ಸುದರ್ಶನ್ ಸೂಟ್‌ಕೇಸು ಕೆಳಗಿಟ್ಟು ಕೂತ. ಫೆಹ್ಮಿದಾ ಕೂತಳು. ಭಾಷೆ ತಿಳಿಯದಿದ್ದರೂ ಗುನಿಲ್ಲಾ ಕೈಗವಸು ಬಿಚ್ಚಿ, ಉಳಿದ ಕುರ್ಚಿಯ ಮೇಲೆ ಕೂತಳು. ಯಾರೂ ಮಾತಾಡಲಿಲ್ಲ.